ಸೆಲ್ಲಾರಿನಲ್ಲಿ ಎರಡು ಶ್ರುತಿ

ಅಪಾಯದಿಂದ ಪಾರಾದವರಿಗೆ ಈ ಲೋಕದಲ್ಲಿ ಒಳ್ಳೆಯ ಮರ್ಯಾದೆ ಇದೆ. ನೆರೆಹೊರೆಯವರು ಸೇಬು, ಮೋಸಂಬಿ ತಂದುಕೊಡುತ್ತಾರೆ. ನೆಂಟರು ಊರೂರಿಂದ ಫೋನು ಮಾಡುತ್ತಾರೆ. ಯಾರಾದರೂ ಹಿರಿಯರು ನಿಂಬೆಹಣ್ಣು ನಿವಾಳಿಸಿ, ರಸ್ತೆ ಕೂಡುವಲ್ಲಿ ಎಸೆದು, ಹಿಂದಿರುಗಿ ನೋಡದೆ ಬರುತ್ತಾರೆ. ಆದರೆ ಅದೇ ಅಪಾಯವನ್ನು ಸ್ವಲ್ಪ ದೂರದಲ್ಲಿ ನಿಂತು ಕಣ್ಣಾರೆ ಕಂಡವನೊಬ್ಬ ಇರುತ್ತಾನಲ್ಲ, ಅವನ ಯೋಗಕ್ಷೇಮವನ್ನು ಯಾರೂ ವಿಚಾರಿಸುವುದಿಲ್ಲ. ಬಂದವರಿಗೆಲ್ಲ ಚಹಾ ತಂದುಕೊಡುವ ಕೆಲಸ ಅವನದು. ತಟ್ಟೆಯ ಮೇಲೆ ಕಪ್ಪುಗಳು ಕಟಕಟನೆ ಅಲುಗಾಡುವುದನ್ನು ಕಂಡು, "ಪಾಪ, ಅಳಿಯನಿಗೆ ರೂಢಿಯಿಲ್ಲ" ಎಂದು ಅವರು ಕನಿಕರಿಸುತ್ತಾರೆ. ರೂಢಿಯಿಲ್ಲದ್ದು ನಿಜ. ಆದರೆ ಆ ಅಳಿಯ ನಾನು, ಕಪ್ಪುಗಳು ಅಲುಗಿದ್ದು ಚಹಾದ ಭಾರಕ್ಕಲ್ಲ.

ನಮ್ಮ ಅತ್ತೆಯವರು ಎರಡು ಕಾರುಗಳ ನಡುವೆ ಸಿಕ್ಕಿ ಜಜ್ಜಿಹೋಗುವುದು ಒಂದು ಗೇಣಿನಷ್ಟರಲ್ಲಿ ತಪ್ಪಿತು. ತಪ್ಪಿಸಿಕೊಂಡವರು ಅವರು, ಜ್ವರ ಬಂದದ್ದು ನನಗೆ. ಅವರು ಆ ಸಂಜೆಯೇ ಅವಲಕ್ಕಿ ಒಗ್ಗರಣೆ ಹಾಕಿ ತಿಂದು, ಬಂದವರಿಗೆಲ್ಲ ಘಟನೆಯನ್ನು ಅಭಿನಯ ಸಹಿತ ವಿವರಿಸಿದರು. ನಾನು ಕಂಬಳಿ ಹೊದ್ದು ಗೋಡೆ ನೋಡುತ್ತಾ ಕುಳಿತಿದ್ದೆ. ಗೋಡೆಯ ಮೇಲೂ ಎರಡು ಕಾರುಗಳು ಹಿಂದಕ್ಕೆ ಹಿಂದಕ್ಕೆ ಬರುತ್ತಿದ್ದವು.

ಇದು ಗಚ್ಚಿಬೌಲಿಯ ಬಂಡೆಗಳ ನಡುವೆ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲದ ಮಾತು. ಹಬ್ಬಕ್ಕೆಂದು ಊರಿಗೆ ಹೋಗಿ ಬರುವಷ್ಟರಲ್ಲಿ ಬಂಡೆ ಇದ್ದ ಜಾಗದಲ್ಲಿ ರಿಸೆಪ್ಶನ್ ಇರುತ್ತಿತ್ತು. ನಾನು ಮೈಸೂರಿನಿಂದ ಬಂದು ಅಂಥದೊಂದು ಗಾಜಿನೊಳಗೆ ಟೆಸ್ಟಿಂಗ್ ವಿಭಾಗದಲ್ಲಿ ಸೇರಿಕೊಂಡಿದ್ದೆ. ಬೇರೆಯವರು ಬರೆದ ಪ್ರೋಗ್ರಾಮು ಎಲ್ಲೆಲ್ಲಿ ಕೆಡಬಹುದು, ಹೇಗೆ ಹೇಗೆ ಕೆಡಬಹುದು ಎಂದು ದಿನವಿಡೀ ಕಲ್ಪಿಸಿಕೊಳ್ಳುವುದೇ ಈ ಉದ್ಯೋಗ. ಹೀಗೆ ಬದುಕುವವರ ಕಣ್ಣಿಗೆ ನಿಜವಾದ ಅಪಾಯ ಬೀಳಬಾರದು. ಉಳಿದವರು ಅದನ್ನು ಒಂದು ಸಲ ನೋಡುತ್ತಾರೆ. ನಾವು ಅದನ್ನು ಬೇರೆ ಬೇರೆ ಸಾಧ್ಯತೆಗಳೊಂದಿಗೆ ಮತ್ತೆ ಮತ್ತೆ ಓಡಿಸಿ ನೋಡುತ್ತೇವೆ. ಬ್ರೇಕು ಕ್ಷಣ ತಡವಾಗಿ ಬಿದ್ದಿದ್ದರೆ? ಅತ್ತೆಯ ಚಪ್ಪಲಿ ಜಾರಿದ್ದರೆ? ಸೆಲ್ಲಾರಿನ ದೀಪ ಹೋಗಿದ್ದರೆ? ಪ್ರತಿ ಸಲವೂ ಫಲಿತಾಂಶ ಒಂದೇ, ಬೆವರು.

ಸೆಲ್ಲಾರು ಎಂದರೆ ನಮ್ಮ ಅಪಾರ್ಟ್‌ಮೆಂಟಿನ ನೆಲದಡಿಯ ಪಾರ್ಕಿಂಗು. ಮೆಹದಿಪಟ್ಟಣಂನಲ್ಲಿ ಹಾಗೆಯೇ ಹೇಳುವುದು. ನಾವು ಬಾಡಿಗೆಗೆ ಬಂದ ಹೊಸದರಲ್ಲಿ ಅಲ್ಲಿ ಸ್ಕೂಟರುಗಳೇ ಹೆಚ್ಚಿದ್ದವು. ಆಮೇಲೆ ಒಂದೊಂದು ಮನೆಯ ಮಗನೋ ಅಳಿಯನೋ ಐಟಿಗೆ ಸೇರಿದಂತೆ ಒಂದೊಂದು ಕಾರು ಬಂತು, ಒಂದೊಂದು ಕಾರಿನ ಜೊತೆ ಒಂದೊಂದು ಹಾಡೂ ಬಂತು. ಆ ಕಾಲದಲ್ಲಿ ರಿವರ್ಸ್ ಗೇರು ಹಾಕಿದ ಕೂಡಲೇ ಕಾರಿನ ಹಿಂಬದಿ ಹಾಡತೊಡಗುತ್ತಿತ್ತು, ನಿಮಗೆ ನೆನಪಿರಬಹುದು. ಮುಂದೆ ಹೋಗುವಾಗ ಮೌನ, ಹಿಂದೆ ಬರುವಾಗ ಸಂಗೀತ. ಕೆಲವು ಮನುಷ್ಯರೂ ಹಾಗೆಯೇ ಇರುತ್ತಾರೆ, ಅದು ಬೇರೆ ವಿಷಯ.

ಅತ್ತೆಗೆ ಈ ಹಾಡುಗಳೆಲ್ಲ ಬಾಯಿಪಾಠ. ಅವರು ರಾಯಚೂರು ಕಡೆಯವರು. ಮಾವನವರ ಸರ್ಕಾರಿ ನೌಕರಿಯ ಬೆನ್ನು ಹಿಡಿದು ಹೈದರಾಬಾದಿಗೆ ಬಂದು, ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹಿಂದುಸ್ತಾನಿ ಸಂಗೀತ ಕಲಿಸಿ ನಿವೃತ್ತರಾದವರು. ಮಾವನವರು ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದರು. ಹೊರಗೆ ಫುಟ್‌ಪಾತು ಇಲ್ಲ, ಇದ್ದಲ್ಲಿ ಮಿರ್ಚಿ ಬಜ್ಜಿ ಬಂಡಿ ಇರುತ್ತದೆ ಎಂಬ ಕಾರಣಕ್ಕೆ ಅವರು ಸಂಜೆ ಸೆಲ್ಲಾರಿನಲ್ಲೇ ವಾಕಿಂಗ್ ಮಾಡುತ್ತಿದ್ದರು. ಆಗ ಅವರ ಕಣ್ಣು ನೆಲದ ಮೇಲಿರುತ್ತಿತ್ತು, ಕಿವಿ ಮಾತ್ರ ಸುತ್ತಲೂ. ಹಾಡು ಶುರುವಾದ ಕೂಡಲೇ "ಇದು ಖಲೀಲ್ ಸಾಹೇಬರದು, ಬಿಳಿ ಒಂದು. ಎಡಕ್ಕ ಸರೀಬೇಕು" ಎಂದು ತಲೆಯೆತ್ತದೆ ಎಡಕ್ಕೆ ಸರಿಯುವರು. "ಇದು ಪ್ರಸಾದ್ ಗಾರುದು, ಕರಿ ಮೂರು" ಎಂದು ಬಲಕ್ಕೆ ಸರಿಯುವರು. ಬಿಳಿ ಒಂದು, ಕರಿ ಮೂರು ಎಂದರೆ ಹಾರ್ಮೋನಿಯಂನ ಕೀಗಳ ಲೆಕ್ಕದಲ್ಲಿ ಹೇಳುವ ಶ್ರುತಿ. ಅವರನ್ನು ನೋಡಿ ಉಳಿದ ಹೆಂಗಸರೂ ಹಾಗೆಯೇ ಕಲಿತಿದ್ದರು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರೂ ಕಾರನ್ನು ನೋಡುತ್ತಿರಲಿಲ್ಲ, ಎಲ್ಲರೂ ಕೇಳುತ್ತಿದ್ದರು.

ಈ ಪದ್ಧತಿಯಲ್ಲಿ ಒಂದು ದೋಷವಿತ್ತು. ಟೆಸ್ಟಿಂಗ್‌ನವನಾದ ನನಗೇ ಅದು ಹೊಳೆದಿರಲಿಲ್ಲ. ಎರಡು ಕಾರು ಒಟ್ಟಿಗೆ ಹಾಡಿದರೆ ಏನು ಮಾಡುವುದು?

ಆ ಸಂಜೆ ಖಲೀಲ್ ಸಾಹೇಬರು ಕುಟುಂಬ ಸಮೇತ ಮದುವೆಗೆ ಹೊರಟಿದ್ದರು. ಪ್ರಸಾದ್ ಗಾರು ಅಮೆರಿಕದ ಹೊತ್ತಿಗೆ ಕೆಲಸ ಮಾಡುವವರು, ಆಫೀಸಿಗೆ ಹೊರಟಿದ್ದರು. ಇಬ್ಬರ ಕಾರುಗಳೂ ಎದುರುಬದುರು ಸಾಲಿನಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದವು. ಇಬ್ಬರೂ ಒಂದೇ ಹೊತ್ತಿಗೆ ಹಿಂದಕ್ಕೆ ತೆಗೆದರು. ಮದುವೆ ಬ್ಯಾಂಡಿನವರು ದಣಿದ ಮೇಲೆ ನುಡಿಸುವಂಥ ಹಾಡೊಂದು, ಕೀ ಕೊಟ್ಟ ಗೊಂಬೆಯಂಥ ಚುರುಕು ಹಾಡೊಂದು, ಎರಡೂ ಕಾಂಕ್ರೀಟಿಗೆ ಬಡಿದು ಬೆರೆತು, ಯಾವುದು ಎಲ್ಲಿಂದ ಬರುತ್ತಿದೆ ಎಂದು ದೇವರಿಗೂ ತಿಳಿಯುವಂತಿರಲಿಲ್ಲ. ನಾನು ಮೊಸರಿನ ಪ್ಯಾಕೆಟ್ ಹಿಡಿದು ಲಿಫ್ಟಿನ ಬಾಗಿಲಲ್ಲಿದ್ದೆ. ಅತ್ತೆ ದಾರಿಯ ನಟ್ಟನಡುವೆ ನಿಂತುಬಿಟ್ಟರು. ಹೆದರಿ ನಿಂತದ್ದಲ್ಲ. ಶಿಷ್ಯೆಯೊಬ್ಬಳು ತಪ್ಪು ಸ್ವರ ಹಚ್ಚಿದಾಗ ಗುರುಗಳು ಮುಖ ಕಿವುಚುತ್ತಾರಲ್ಲ, ಹಾಗೆ ಮುಖ ಕಿವುಚಿ, ಕಿವಿಗೆ ಅಂಗೈ ಹಿಡಿದು ನಿಂತರು. ಎರಡು ಕಡೆಯಿಂದಲೂ ಎರಡು ಕಾರಿನ ಬೆನ್ನುಗಳು ಅವರತ್ತ ಬರುತ್ತಿದ್ದವು.

ನಾನು ಕೂಗಬೇಕಿತ್ತು. ಕೂಗಿದೆ ಕೂಡ. ಆದರೆ ಮೈಸೂರಿನ ಗಂಟಲಿನಿಂದ ಹೊರಬಂದ ಮಾತು, "ಸ್ವಲ್ಪ ನಿಲ್ಲಿಸ್ತೀರಾ ಸಾರ್?" ಬ್ಯಾಂಕಿನಲ್ಲಿ ಪಕ್ಕದವರ ಪೆನ್ನು ಕೇಳುವ ಧ್ವನಿಯಲ್ಲಿ. ಅದು ನನಗೇ ಸರಿಯಾಗಿ ಕೇಳಿಸಲಿಲ್ಲ.

ಅತ್ತೆ ತಿರುಗಿ ಒಂದು ಕೈಯಲ್ಲಿ ಖಲೀಲ್ ಸಾಹೇಬರ ಡಿಕ್ಕಿಗೆ, ಇನ್ನೊಂದು ಕೈಯಲ್ಲಿ ಪ್ರಸಾದ್ ಗಾರು ಅವರ ಡಿಕ್ಕಿಗೆ ಫಟಾರನೆ ಹೊಡೆದರು. "ಏ, ನಿಂದರಸ್ರಿ! ಇಬ್ಬರೂ ಒಮ್ಮೆಲೇ ಹಾಡ್ತೀರೇನು? ಕಿವಿ ಕೆಟ್ಟು ಹೋಗಾಕತ್ತೈತಿ!"

ಎರಡು ಬ್ರೇಕುಗಳೂ ಕಿರುಚಿದವು. ಎರಡು ಬಂಪರುಗಳ ನಡುವೆ ಅತ್ತೆ ಮತ್ತು ಅವರ ಸೀರೆಯ ನೆರಿಗೆ ಬಿಟ್ಟು ಬೇರೇನಕ್ಕೂ ಜಾಗವಿರಲಿಲ್ಲ. ಖಲೀಲ್ ಸಾಹೇಬರು ಶೇರ್ವಾನಿಯಲ್ಲಿ ಬಾಗಿಲು ತೆರೆದು, ಪೆಟ್ಟಾಯಿತೇ ಎಂದು ಕೇಳುತ್ತ ಹಾರಿ ಬಂದರು. "ಯಾ ಅಲ್ಲಾ! ಅಮ್ಮಾ, ಲಗಾ ತೋ ನೈ ನಾ?" ಪ್ರಸಾದ್ ಗಾರು ಅವರ ಬಾಯಲ್ಲಿ "ಅಯ್ಯಯ್ಯೋ ಅಮ್ಮಗಾರೂ" ಬಿಟ್ಟು ಬೇರೆ ಮಾತಿಲ್ಲ. ಅತ್ತೆ ನೆರಿಗೆ ಕೊಡವಿಕೊಂಡು, "ಮೇರೆಕು ಕುಛ್ ನೈ ಹುವಾ" ಎಂದು ಸಾಹೇಬರಿಗೆ ಹೇಳಿ, ಪ್ರಸಾದ್ ಗಾರು ಅವರ ಕಡೆ ತಿರುಗಿ ತೆಲುಗಿನಲ್ಲಿ ಧೈರ್ಯ ತುಂಬಿ, ನನ್ನತ್ತ ನೋಡಿ ಕನ್ನಡದಲ್ಲಿ, "ಅಳಿಯಂದ್ರ, ಮಸರು ಸೋರಾಕತ್ತೈತಿ" ಎಂದರು.

ಅಂದಿನಿಂದ ನಾನು ಅವರನ್ನು ಒಬ್ಬರನ್ನೇ ಕೆಳಗೆ ಬಿಡಲಿಲ್ಲ. ಆಫೀಸಿನಿಂದ ಓಡೋಡಿ ಬಂದು, ಅವರ ತೋಳು ಹಿಡಿದು ಸೆಲ್ಲಾರಿನಲ್ಲಿ ನಡೆಸುತ್ತಿದ್ದೆ. ತಿರುವು ಬಂದಾಗ ನಾನು ಮೊದಲು ಇಣುಕಿ, ಕೈ ಬೀಸಿದ ಮೇಲೆ ಅವರು ಬರಬೇಕು. ನನ್ನ ಕಾರಿನ ರಿವರ್ಸ್ ಹಾಡಿನ ವೈರನ್ನು ನಾನೇ ಕಿತ್ತುಹಾಕಿದೆ. ಆ ಮೇಲೆ ಕಾರನ್ನೇ ಹೊರಗೆ ತೆಗೆಯಲಿಲ್ಲ. ಹಿಂದಕ್ಕೆ ತೆಗೆಯದೆ ಅದು ಹೊರಗೆ ಬರುವುದಿಲ್ಲ, ಹಿಂದಕ್ಕೆ ತೆಗೆಯಬೇಕೆಂದರೆ ನನ್ನ ಕಾಲು ಪೆಡಲಿನ ಮೇಲೆ ನಿಲ್ಲುವುದಿಲ್ಲ. ಕಂಪನಿಯ ಕ್ಯಾಬಿನಲ್ಲಿ ಹೋಗಿ ಬರುತ್ತಿದ್ದೆ. ಕ್ಯಾಬು ಹಿಂದಕ್ಕೆ ಬರುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಭಕ್ತನೆಂದು ತಿಳಿದು ಡ್ರೈವರು ನನಗಾಗಿ ದೇವರ ಕ್ಯಾಸೆಟ್ ಹಾಕತೊಡಗಿದ.

ನನ್ನ ಹೆಂಡತಿ ಸುಮಂಗಲಾ ಮೊದಮೊದಲು ಸಹಿಸಿಕೊಂಡಳು. ಆಮೇಲೆ ಹೇಳಿಯೇಬಿಟ್ಟಳು, "ರೀ, ನೀವು ಅವ್ವನ ಕೈ ಹಿಡದು ನಡಸೋದು ನೋಡಿದ್ರ ಕಳ್ಳನ್ನ ಕೋರ್ಟಿಗೆ ಕರಕೊಂಡು ಹೊಂಟಂಗ ಕಾಣ್ತೈತಿ."

ಅತ್ತೆ ಅಷ್ಟಕ್ಕೇ ಬಿಡುವವರಲ್ಲ. ಒಂದು ದಿನ ಊಟಕ್ಕೆ ಕುಳಿತಾಗ ರೊಟ್ಟಿ ಮುರಿಯುತ್ತಾ, "ಅಳಿಯಂದ್ರ, ನಾ ಒಂದು ಮಾತು ಹೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ. ಬಸ್ಸಿನಾಗ ಜೋತಾಡಿಕೋತ ಸಾಲಿಗೆ ಹೋಗಿ ಬಂದಾಕಿ ನಾ. ಹಿಂಗ ಕೈದಿ ಆಗಿ ಇರಾಕ ನನ್ನ ಕೈಲೆ ಆಗಂಗಿಲ್ಲ. ಬರೋ ಐತವಾರ ಬೇಗಂಪೇಟಿಗೆ ಹೋಗಿಬಿಡ್ತೀನಿ, ದೊಡ್ಡ ಮಗಳ ಮನಿಗೆ" ಎಂದರು.

"ಅಲ್ಲಿ ಇನ್ನೂ ಅಪಾಯ ಅತ್ತೆ! ಗೇಟು ತೆಗೆದರೆ ದೊಡ್ಡ ರಸ್ತೆ."

"ಹೌದು, ರಸ್ತೆ ಐತಿ. ಆದ್ರ ಅಲ್ಲೆ ನೀವು ಇರಂಗಿಲ್ಲಲ್ಲ."

ಇದು ತಮಾಷೆಯ ಮಾತಾಗಿರಲಿಲ್ಲ. ಅವರು ಹೋದರೆ ಆ ಮನೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಬೆಳಗ್ಗೆ ತಂಬೂರಿ ಪೆಟ್ಟಿಗೆಯ ಸದ್ದಿಲ್ಲ, ಊಟದ ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿಯಿಲ್ಲ, ನಾನು ಆಗೀಗ ನುಡಿಸುವ ಪಿಯಾನೋವನ್ನು ಬಯ್ಯುವವರಿಲ್ಲ. ಅವರು ನನ್ನ ದೆಸೆಯಿಂದ ಹೋದರೆಂದು ಸುಮಂಗಲಾ ಜೀವಮಾನವಿಡೀ ನೆನಪಿಸುತ್ತಾಳೆ. ಅವರು ಉಳಿಯಬೇಕಾದರೆ ನಾನು ಅವರ ತೋಳು ಬಿಡಬೇಕು. ತೋಳು ಬಿಡಬೇಕಾದರೆ ನನ್ನ ತಲೆಯೊಳಗಿನ ಆ ಎರಡು ಹಾಡುಗಳು ನಿಲ್ಲಬೇಕು. ಅವು ನಿಲ್ಲುತ್ತಿರಲಿಲ್ಲ. ಮೀಟಿಂಗಿನಲ್ಲಿ ಮ್ಯಾನೇಜರು ಮಾತನಾಡುತ್ತಿರುವಾಗ ನನ್ನ ಎಡಗೈ ಮೇಜಿನ ಮೇಲೆ ಖಲೀಲ್ ಸಾಹೇಬರನ್ನೂ ಬಲಗೈ ಪ್ರಸಾದ್ ಗಾರುವನ್ನೂ ತಾನಾಗಿ ಬಾರಿಸುತ್ತಿತ್ತು. ಹಾಗೆ ಬಾರಿಸುವಾಗಲೇ ನನಗೆ ಹೊಳೆದದ್ದು. ಹೇಗೂ ತಲೆಯಲ್ಲಿ ನುಡಿಯುತ್ತಲೇ ಇವೆ, ಕೈಯಲ್ಲಿ ನುಡಿಸಿಬಿಟ್ಟರೇನು? ಕಾರು ನನ್ನ ಮಾತು ಕೇಳಲಿಲ್ಲ, ಬೆರಳಾದರೂ ಕೇಳೀತು.

ಪಿಯಾನೋ ಎಂದರೆ ಮುಚ್ಚಳ ಎತ್ತಿದ ದೊಡ್ಡ ವಾದ್ಯವೆಂದು ಊಹಿಸಿಕೊಳ್ಳಬೇಡಿ. ನನ್ನದು ಗೋಡೆಗೆ ಒರಗಿ ನಿಂತ ಕರೆಂಟಿನ ಪಿಯಾನೋ. ನುಡಿಸಬೇಕಾದರೆ ಮೊದಲು ಅದರ ಮೇಲಿನ ಇಸ್ತ್ರಿ ಬಟ್ಟೆ, ಹಪ್ಪಳದ ಡಬ್ಬಿ ಇಳಿಸಬೇಕು. ಮೈಸೂರಿನಲ್ಲಿ ಚರ್ಚಿನ ಹಿಂದಿನ ಓಣಿಯ ಟೀಚರೊಬ್ಬರು ನನಗೆ ಚಿಕ್ಕಂದಿನಲ್ಲಿ ಕಲಿಸಿದ್ದರು. "ಎರಡು ಕೈಗಳೂ ಒಂದೇ ಮನೆಯ ಮಕ್ಕಳು. ಒಂದೇ ಭಾಷೆ ಆಡಬೇಕು" ಎನ್ನುವರು. ಎಡಗೈ ಒಂದು ಶ್ರುತಿಯಲ್ಲಿ ಬಲಗೈ ಇನ್ನೊಂದರಲ್ಲಿ ಹೋದರೆ ಬೆರಳ ಗೆಣ್ಣಿಗೆ ಪೆನ್ಸಿಲ್ಲಿನ ಏಟು ಬೀಳುತ್ತಿತ್ತು. ಬೇಕೆಂದೇ ಹಾಗೆ ಮಾಡುವುದಕ್ಕೆ ಪಾಲಿಟೋನಾಲಿಟಿ ಎಂಬ ಗೌರವದ ಹೆಸರಿದೆಯೆಂದೂ, ಹಾಗೆ ಬರೆದವರನ್ನು ದೊಡ್ಡವರೆಂದು ಕರೆಯುತ್ತಾರೆಂದೂ ಕಾಲೇಜಿನಲ್ಲಿ ಓದಿದಾಗ ನನ್ನ ಗೆಣ್ಣುಗಳಿಗೆ ಅನ್ಯಾಯವಾಯಿತೆನಿಸಿತ್ತು. ಹೈದರಾಬಾದಿಗೆ ಬಂದ ಮೇಲಂತೂ ಟೀಚರ ಮಾತೇ ಅನುಮಾನವಾಯಿತು. ಅತ್ತೆ ತರಕಾರಿಯವನೊಡನೆ ದಖ್ಖನಿ, ಲಿಫ್ಟಿನಲ್ಲಿ ತೆಲುಗು, ಒಲೆಯ ಮುಂದೆ ರಾಯಚೂರು ಕನ್ನಡ ಆಡುತ್ತಾರೆ. ಒಂದೇ ಮನೆ, ಒಂದೇ ಬಾಯಿ. ಯಾವುದಕ್ಕೂ ಯಾವುದೂ ಡಿಕ್ಕಿ ಹೊಡೆದದ್ದಿಲ್ಲ.

ಹೀಗೆ ನನ್ನ ಕೃತಿ ಆರಂಭವಾಯಿತು. ಹೆಸರು "ರಿವರ್ಸ್". ಎಡಗೈಗೆ ಬರೀ ಬಿಳಿ ಕೀಗಳು, ಅದು ಖಲೀಲ್ ಸಾಹೇಬರು. ಕೆಳಗಿನ ದಪ್ಪ ಸ್ವರಗಳಿಂದ ನಿಧಾನವಾಗಿ, ಶೇರ್ವಾನಿ ಸುಕ್ಕಾಗದಂತೆ ಮೇಲಕ್ಕೆ ಬರುತ್ತಾರೆ. ಬಲಗೈಗೆ ಬರೀ ಕರಿ ಕೀಗಳು, ಅದು ಪ್ರಸಾದ್ ಗಾರು. ಮೇಲಿನ ಕೀಚು ಸ್ವರಗಳಿಂದ ತಡವಾಯಿತು ತಡವಾಯಿತೆಂದು ಕುಣಿಯುತ್ತ ಕೆಳಗೆ ಬರುತ್ತಾರೆ. ಒಂದೊಂದನ್ನೇ ನುಡಿಸಿದರೆ ಎರಡೂ ಸಾಧು. ಒಟ್ಟಿಗೆ ನುಡಿಸಿದರೆ, ಒಂದೇ ಬಾಗಿಲಲ್ಲಿ ಇಬ್ಬರು "ನೀವು ಮೊದಲು, ನೀವು ಮೊದಲು" ಎನ್ನುತ್ತಲೇ ಒಟ್ಟಿಗೆ ನುಗ್ಗಿದಂತೆ. ಕೇಳಿದರೆ ನಗು ಬರುತ್ತಿತ್ತು. ಬಹಳ ದಿನಗಳ ಮೇಲೆ ನಾನು ಆ ಎರಡು ಹಾಡುಗಳನ್ನು ಕೇಳಿ ನಕ್ಕೆ.

ಉಳಿದವರು ನಗಲಿಲ್ಲ. ಸುಮಂಗಲಾ ಅಡುಗೆಮನೆಯಿಂದ, "ರೀ, ಮಿಕ್ಸಿ ನಾ ಇನ್ನೂ ಹಚ್ಚಿಲ್ಲ, ಈ ಸಪ್ಪಳ ಎಲ್ಲಿಂದು?" ಎಂದಳು. ಮೇಲಿನ ಮನೆಯ ಪ್ರಸಾದ್ ಗಾರು ನಿದ್ದೆಗಣ್ಣಲ್ಲೇ ಇಳಿದು ಬಂದರು. ಅವರಿಗೆ ಹಗಲೇ ರಾತ್ರಿ. "ಏಮಂಡೀ, ಪಿಯಾನೋ ಪಾಡಯಿಂದಾ?" ಕೆಟ್ಟಿದೆಯೇ ಎಂದು ವಿಚಾರಣೆ. ಕೆಟ್ಟಿಲ್ಲ, ಬಲಗೈಯಲ್ಲಿರುವುದು ನಿಮ್ಮ ಕಾರು ಎಂದು ಹೇಳಿ ಅದನ್ನೊಂದೇ ನುಡಿಸಿ ತೋರಿಸಿದೆ. ಅವರ ನಿದ್ದೆ ಹಾರಿತು. "ನಾ ಕಾರಾ! ಇದಿ ನಾ ಕಾರಂಡೀ!" ಎಂದು ಸೋಫಾದ ಮೇಲೆ ಕುಳಿತೇಬಿಟ್ಟರು. ಸುದ್ದಿ ಹರಡಿ ಸಂಜೆ ಖಲೀಲ್ ಸಾಹೇಬರೂ ಬಂದರು. ಪೂರ್ತಿ ಕೇಳಿ, ಗಡ್ಡ ನೀವಿಕೊಂಡು, "ಸಬ್ ಠೀಕ್ ಹೈ ಸಾಬ್, ಲೇಕಿನ್ ಹಮಕು ಕಾಯ್ಕು ಬಾಯಾಂ ಹಾತ್?" ಎಂದು, ತಮಗೇಕೆ ಎಡಗೈ ಕೊಟ್ಟದ್ದೆಂದು ಆಕ್ಷೇಪಿಸಿದರು. ಎಡಗೈಯೇ ಕೃತಿಯ ಆಧಾರ, ಮನೆಗೆ ಪಾಯ ಇದ್ದ ಹಾಗೆ ಎಂದು ನಾನು ವಿವರಿಸಿದ ಮೇಲೆ ಮತ್ತೆ ಕೇಳಲು ಬಂದಿದ್ದ ಪ್ರಸಾದ್ ಗಾರು ಅವರ ಕಡೆಗೊಂದು ದೃಷ್ಟಿ ಬೀರಿ ಹೊರಟರು.

ಆದರೆ ಕೃತಿ ಮುಗಿಯುತ್ತಿರಲಿಲ್ಲ. ಎಡಗೈ ಏರುತ್ತ, ಬಲಗೈ ಇಳಿಯುತ್ತ ನಡುವಿನ ಸ್ವರಗಳ ಹತ್ತಿರ ಬಂದ ಕೂಡಲೇ ನನ್ನ ಎರಡೂ ಕೈಗಳು ಬಿಸಿ ಬಾಣಲೆ ಮುಟ್ಟಿದಂತೆ ಮೇಲೇಳುತ್ತಿದ್ದವು. ಮತ್ತೆ ಮೊದಲಿನಿಂದ ನುಡಿಸುವೆ, ಅಲ್ಲಿಗೆ ಬರುವೆ, ಕೈ ಏಳುವುದು. ನಗು ಅಷ್ಟರಲ್ಲಿ ಆರಿಹೋಗಿ, ಬೆನ್ನ ಮೇಲೆ ಬೆವರು ಇಳಿಯುತ್ತಿತ್ತು. ಐತವಾರ ಹತ್ತಿರ ಬಂತು. ಬೀರುವಿನ ಮೇಲಿನ ಸೂಟ್‌ಕೇಸು ಕೆಳಗಿಳಿದು ಅತ್ತೆಯ ಕೋಣೆ ಸೇರಿತು.

ಶನಿವಾರ ಬೆಳಗ್ಗೆ ಹೀಗೇ ನುಡಿಸಿ ನಿಲ್ಲಿಸಿ, ನುಡಿಸಿ ನಿಲ್ಲಿಸಿ ಮಾಡುತ್ತಿದ್ದೆ. ಅತ್ತೆ ಪರಾತವೆಂಬ ಅಗಲವಾದ ಸ್ಟೀಲಿನ ತಟ್ಟೆ ಇಟ್ಟುಕೊಂಡು ನೆಲದ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು. ಅಷ್ಟು ದಿನವೂ ಆ ಕೃತಿಯ ಬಗ್ಗೆ ಒಂದು ಮಾತೂ ಆಡದಿದ್ದವರು ಅಂದು ಬಾಯಿಬಿಟ್ಟರು.

"ಬಲಗೈಯಾಗ ಭೂಪ ರಾಗ ಐತಿ, ಛಲೋ ಐತಿ. ಎಡಗೈಯಾಗಿಂದು ಏನೈತೋ ನಿಮ್ಮ ದೇವರಿಗೇ ಗೊತ್ತು. ಇರಲಿ. ಅಷ್ಟು ಬಾರಿಸಿ ಅಲ್ಲೇ ಯಾಕ ಬಿಡ್ತೀರಿ?"

"ಅಲ್ಲಿ ಎರಡೂ ಕೈ ಒಂದಕ್ಕೊಂದು ತಗಲುತ್ತೆ ಅತ್ತೆ."

"ತಗಲಿದ್ರ ಏನಾಕ್ಕೈತಿ? ಕೈ ತಾನ?"

"ನಡುವೆ ಜಾಗ ಇಲ್ಲ."

"ನಡುವ ಏನೈತಿ ಅಂತೀನಿ."

"ನೀವಿದ್ದೀರಿ" ಎಂದೆ.

ಶೇಂಗಾ ಸುಲಿಯುವ ಚಟಪಟ ನಿಂತಿತು. ಅತ್ತೆ ನನ್ನನ್ನು ದಿಟ್ಟಿಸಿ ನೋಡಿದರು. ಬಂದವರಿಗೆಲ್ಲ ಕಥೆ ಹೇಳಿದ ಆಕೆ, ಆ ಕಥೆಯನ್ನು ಇನ್ನೊಬ್ಬರು ಇನ್ನೊಂದು ಕಡೆಯಿಂದ ನೋಡಿದ್ದರೆಂದು ಆಗಲೇ ಮೊದಲು ಗಮನಿಸಿದಂತಿತ್ತು. ಆಮೇಲೆ ಒಂದು ಹಿಡಿ ಶೇಂಗಾ ಎತ್ತಿ ನನ್ನ ಅಂಗೈಗೆ ಸುರಿದರು.

"ಅಳಿಯಂದ್ರ, ಇಲ್ಲೆ ನೋಡ್ರಿ. ನಾ ಅಲ್ಲಿಲ್ಲ. ಇಲ್ಲೆ ಕುಂತೀನಿ, ಶೇಂಗಾ ಬಿಡಸಾಕತ್ತೀನಿ. ತಿನ್ರಿ ಮೊದಲ."

ತಿಂದೆ. ನಿಜವಾಗಿ ಶೇಂಗಾ ಆಗಿತ್ತು. ಟೆಸ್ಟಿಂಗ್‌ನವರಿಗೆ ಇಂಥ ಪುರಾವೆ ಬೇಕಾಗುತ್ತದೆ.

"ಈಗ ಬಾರಸ್ರಿ. ಶ್ರುತಿ ಬ್ಯಾರೆ ಬ್ಯಾರೆ ಇರಲಿ, ತಾಳ ಒಂದೇ ಇಟ್ಟುಕೋರಿ. ನಾ ಹಾಕ್ತೀನಿ. ಸಮಕ್ಕ ಬರ್ರಿ, ಅಷ್ಟ ಸಾಕು" ಎಂದು ಪರಾತದ ಅಂಚಿಗೆ ತಾಳ ಹಾಕತೊಡಗಿದರು. ಸಮ ಎಂದರೆ ತಾಳದ ಮೊದಲ ಪೆಟ್ಟು. ಯಾರು ಎಲ್ಲಿ ಅಲೆದರೂ ಕೊನೆಗೆ ಬಂದು ಕಾಲಿಡಬೇಕಾದ ಜಾಗ. ನಾನು ನುಡಿಸಿದೆ. ಎಡಗೈ ಏರಿತು, ಬಲಗೈ ಇಳಿಯಿತು, ನಡುವಿನ ಸ್ವರಗಳು ಬಂದವು. ಕೈ ಏಳಬೇಕೆನ್ನುವಷ್ಟರಲ್ಲಿ ಪರಾತದ ಪೆಟ್ಟು ಬಿತ್ತು. ಎಡಗೈ ಬಲಗೈಯ ಮೇಲಿಂದ ಹಾದು ಆಚೆ ಹೋಯಿತು, ಬ್ಯಾಂಕಿನ ಕ್ಯೂನಲ್ಲಿ "ಸ್ವಲ್ಪ ದಾರಿ" ಎಂದು ದಾಟುವವರಂತೆ. ಖಲೀಲ್ ಸಾಹೇಬರು ಮೇಲೆ ಹೋದರು, ಪ್ರಸಾದ್ ಗಾರು ಕೆಳಗೆ ಹೋದರು, ಅವರವರ ಶ್ರುತಿ ಅವರವರಲ್ಲೇ ಉಳಿಯಿತು. ಯಾರಿಗೂ ಏನೂ ಆಗಲಿಲ್ಲ. ಇಬ್ಬರೂ ಕೊನೆಯ ಸ್ವರಕ್ಕೆ ಸಮದ ಮೇಲೆ ಒಟ್ಟಿಗೆ ಕಾಲಿಟ್ಟರು. ಕಿವಿಗೆ ಇಂಪಾಯಿತೆಂದು ಹೇಳಲಾರೆ. ಆದರೆ ಮುಗಿಯಿತು.

"ಹೆಂಗನಿಸ್ತು ಅವ್ವಾ?" ಸುಮಂಗಲಾ ಒಳಗಿನಿಂದ ಕೇಳಿದಳು.

"ಹುಳಿ ಮಾವಿನಕಾಯಿ ತಿಂದಂಗಾತು" ಎಂದರು ಅತ್ತೆ. "ಮತ್ತೊಮ್ಮೆ ಬಾರಸ್ರಿ."

ಕೃತಿ ಮುಗಿಯಿತು, ಗಂಟೂ ಬಿಚ್ಚಿತು ಎಂದುಕೊಂಡೆ. ಐತವಾರ ಬೆಳಗ್ಗೆ ನೋಡಿದರೆ ಅತ್ತೆ ಇಳಕಲ್ ಸೀರೆಯುಟ್ಟು, ಸೂಟ್‌ಕೇಸು ಬಾಗಿಲಲ್ಲಿಟ್ಟು, ನಿಂತಿದ್ದಾರೆ. ಇನ್ನು ಮೇಲೆ ನಿಮ್ಮನ್ನು ಒಬ್ಬರನ್ನೇ ಕೆಳಗೆ ಬಿಡುತ್ತೇನೆ ಎಂದು ನಾನು ಮಾತು ಕೊಟ್ಟೆ. "ಮಾತು ಭಾಳ ಆದ್ವು. ಬೇಗಂಪೇಟಿಗೆ ಬಿಟ್ಟು ಬರ್ರಿ. ಆಟೋ ಬ್ಯಾಡ, ನಿಮ್ಮ ಗಾಡ್ಯಾಗೇ" ಎಂದು ಲಿಫ್ಟಿನ ಗುಂಡಿ ಒತ್ತಿದರು. ಸುಮಂಗಲಾ ನನ್ನ ಮುಖ ನೋಡಲಿಲ್ಲ. ಕಣ್ಣು ಒರೆಸಿಕೊಳ್ಳುತ್ತಿದ್ದಾಳೆಂದು ನಾನು ತಿಳಿದೆ.

ಸೆಲ್ಲಾರಿನಲ್ಲಿ ಕಾರಿನ ಬಾಗಿಲು ತೆರೆದು ಕುಳಿತೆ. ಅತ್ತೆ ಒಳಗೆ ಹತ್ತಲಿಲ್ಲ. ಕನ್ನಡಿಯಲ್ಲಿ ನೋಡಿದರೆ ನನ್ನ ಕಾರಿನ ಬೆನ್ನಿಗೆ ಸರಿಯಾಗಿ, ದಾರಿಯ ನಡುವೆ ನಿಂತಿದ್ದಾರೆ.

"ಅತ್ತೆ, ಪಕ್ಕಕ್ಕೆ ಬನ್ನಿ!"

"ನಿಮ್ಮ ಗಾಡೀನ ಮೂಕ ಮಾಡಿ ಇಟ್ಟೀರಿ. ಹಿಂದ ಯಾರರ ನಿಂತು ಹೇಳಬೇಕಲ್ಲ. ನಾ ತಾಳ ಹಾಕ್ತೀನಿ. ಬರ್ರಿ."

"ನನ್ನ ಕೈಲಾಗಲ್ಲ."

"ನಿನ್ನೆ ಎರಡು ಗಾಡಿ ದಾಟಿಸೀರಿ. ಇವತ್ತ ಒಂದೇ ಐತಿ. ಬರ್ರಿ!"

ಚಪ್ಪಾಳೆ ಶುರುವಾಯಿತು. ನಾನು ರಿವರ್ಸ್ ಗೇರು ಹಾಕಿದೆ. ಕಾರು ಮೂಕವಾಗಿಯೇ ಹಿಂದಕ್ಕೆ ಸರಿಯಿತು. ಅವರ ಒಂದೊಂದು ಪೆಟ್ಟಿಗೆ ನಾನು ಒಂದಿಷ್ಟು, ಅವರು ಹಿಂದಕ್ಕೆ ಒಂದು ಹೆಜ್ಜೆ. ಕನ್ನಡಿಯಲ್ಲಿ ಅವರ ಮುಖ ದೊಡ್ಡದಾಗಲೂ ಇಲ್ಲ, ಚಿಕ್ಕದಾಗಲೂ ಇಲ್ಲ. ನನ್ನ ಅಂಗಿ ಒದ್ದೆಯಾಗಿತ್ತು, ಕಾಲು ಮಾತ್ರ ಪೆಡಲಿನ ಮೇಲೆ ನಿಂತಿತ್ತು. "ಸಮ್!" ಎಂದು ಅವರು ಕೂಗಿದರು. ಬ್ರೇಕು ಒತ್ತಿದೆ. ಕಾರು ತನ್ನ ಜಾಗದಿಂದ ಪೂರ್ತಿ ಹೊರಗೆ ಬಂದಿತ್ತು.

ಅತ್ತೆ ಬಂದು ಕಿಟಕಿಯಲ್ಲಿ ಬಗ್ಗಿದರು. "ಬಂತಲ್ಲ ಹೊರಗ. ಇನ್ನ ಒಳಗ ಹಾಕ್ರಿ."

"ಬೇಗಂಪೇಟೆ?"

"ದೊಡ್ಡಾಕಿ ಊರಾಗ ಎಲ್ಲಿ ಅದಾಳ? ಮೊನ್ನೇನ ಸೊಲ್ಲಾಪುರಕ್ಕ ಹೋಗ್ಯಾಳ. ಸುಮಿಗೂ ಗೊತ್ತೈತಿ." ಇಷ್ಟು ಹೇಳಿ, ನನ್ನ ಒಪ್ಪಿಗೆಗೆ ಕಾಯದೆ, ತಮ್ಮ ವಾಕಿಂಗ್ ಶುರು ಮಾಡಿ ಸೆಲ್ಲಾರಿನ ಆಚೆ ತುದಿಗೆ ಒಬ್ಬರೇ ಹೊರಟುಹೋದರು. ನಾನು ತೋಳು ಹಿಡಿಯಲು ಇಳಿಯಲಿಲ್ಲ. ಅದನ್ನು ನೀವು ದಯವಿಟ್ಟು ಗಮನಿಸಬೇಕು.

ನನ್ನ ಸಂತೋಷಕ್ಕೆ ಪಾರವಿರಲಿಲ್ಲ. ಭಯ ಹೋಗಿತ್ತು, ಅತ್ತೆ ಉಳಿದಿದ್ದರು, ಕೃತಿ ಮುಗಿದಿತ್ತು. ಎಡಗಾಲಿಗೆ ಒಂದು ಶ್ರುತಿ, ಬಲಗಾಲಿಗೆ ಒಂದು ಶ್ರುತಿ ಎಂದು ಗುನುಗುತ್ತ, ಮುಂದಿನ ಗೇರು ಹಾಕಿ, ಕಾರನ್ನು ರೊಯ್ಯನೆ ಅದರ ಜಾಗಕ್ಕೆ ನುಗ್ಗಿಸಿದೆ. ಕೆರ್ರನೆ ದೊಡ್ಡ ಸದ್ದಾಯಿತು. ಆಚೆ ತುದಿಯಿಂದ ಅತ್ತೆ ತಲೆಯೆತ್ತದೆಯೇ ಕೂಗಿದರು, "ಅಳಿಯಂದ್ರ, ಅದು ಕಂಬ!"

ಎಡಗಡೆಯ ಬಾಗಿಲು ಈ ತುದಿಯಿಂದ ಆ ತುದಿಯವರೆಗೆ ಕೆರೆದುಹೋಗಿತ್ತು. ಅಷ್ಟು ಕಾರುಗಳು, ಅಷ್ಟು ಹಾಡುಗಳು ಇರುವ ಆ ಸೆಲ್ಲಾರಿನಲ್ಲಿ ನಾವು ಇದ್ದಷ್ಟು ಕಾಲದಲ್ಲಿ ನಿಜವಾಗಿ ನಡೆದ ಅಪಘಾತ ಅದೊಂದೇ. ಕಂಬ ಹಿಂದಕ್ಕೆ ಬರುತ್ತಿರಲಿಲ್ಲ, ಮುಂದಕ್ಕೂ ಬರುತ್ತಿರಲಿಲ್ಲ, ಯಾವ ಶ್ರುತಿಯಲ್ಲೂ ಹಾಡುತ್ತಿರಲಿಲ್ಲ.